ಕೀ ತೆಗೆದರೂ ನಿಲ್ಲದ ಕಾರು

ಹೊಸೂರಿನ ಅವಲಪಲ್ಲಿಯ ಆ ಬೀದಿಯಲ್ಲಿ ಸಂಜೆ ಯಾರು ಮನೆಗೆ ಬಂದರೆಂಬುದು ಗೇಟಿನ ಸದ್ದಿನಿಂದ ಗೊತ್ತಾಗುತ್ತಿತ್ತು. ದ್ವಾರಕಾನಾಥರು ಬಂದದ್ದು ಮಾತ್ರ ಬೀದಿಯ ತಿರುವಿನಲ್ಲೇ ಗೊತ್ತಾಗುತ್ತಿತ್ತು. ಅವರ ಕೆನೆಬಣ್ಣದ ಹಳೆಯ ಜರ್ಮನ್ ಡೀಸೆಲ್ ಕಾರು ಗಂಟಲು ಸರಿಮಾಡಿಕೊಳ್ಳುತ್ತ ಬಂದು, ಪೋರ್ಟಿಕೋದೊಳಗೆ ಮೂಗು ತೂರಿಸಿ ನಿಲ್ಲುವುದು. ನಿಲ್ಲುವುದು ಎಂದರೆ ಚಕ್ರ ನಿಲ್ಲುವುದು, ಅಷ್ಟೇ. ಕೀ ತಿರುಗಿಸಿ, ತೆಗೆದು, ಜೇಬಿಗೆ ಹಾಕಿಕೊಂಡರೂ ಎಂಜಿನ್ನು ತನ್ನ ಪಾಡಿಗೆ ತಾನು ಗಡಗಡ ಎನ್ನುತ್ತಲೇ ಇರುವುದು. ಆಗ ದ್ವಾರಕಾನಾಥರು ಕೂತಲ್ಲಿಂದಲೇ ಹಾರ್ನ್ ಒತ್ತುವರು. ಒಳಗಿನಿಂದ ಹೆಂಡತಿ ಅಲಮೇಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಬಾನೆಟ್ ಎತ್ತಿ, ಎಂಜಿನ್ನಿನ ಪಕ್ಕದಲ್ಲಿರುವ ಒಂದು ಸಣ್ಣ ಹಿಡಿಯನ್ನು ಒತ್ತಿ ಹಿಡಿದರೆ ಮಾತ್ರ ಅದು ಮೈ ನಡುಗಿಸಿ ಸುಮ್ಮನಾಗುವುದು.

ದ್ವಾರಕಾನಾಥರು ಕೃಷ್ಣಗಿರಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತರಾದವರು. ಹೊಸೂರಿನ ಕಾರ್ಖಾನೆಯೊಂದರ ಮ್ಯಾನೇಜರು ಊರು ಬಿಡುವಾಗ ಮಾರಿಹೋದ ಆ ಕಾರನ್ನು ಕೊಂಡಾಗ ಅವರ ತಲೆಯಲ್ಲಿ ಒಂದೂ ಬಿಳಿಗೂದಲಿರಲಿಲ್ಲ. ಅದರ ಎಂಜಿನ್ನಿಗೆ ಸಾವಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಎಂಜಿನ್ನಿಗೆ ನಿಜವಾಗಿಯೂ ಸಾವು ಬರಲಿಲ್ಲ, ಅದರ ಸುತ್ತಲಿದ್ದ ಮಿಕ್ಕದ್ದೆಲ್ಲ ಒಂದೊಂದಾಗಿ ಕೈಕೊಟ್ಟಿತು. ಎಷ್ಟು ದೂರ ಓಡಿದೆ ಎಂದು ತೋರಿಸುವ ಮೀಟರು ಒಂದು ಪ್ಲಾಸ್ಟಿಕ್ ಹಲ್ಲುಚಕ್ರ ಒಡೆದು ನಿಂತಲ್ಲೇ ನಿಂತಿತ್ತು. ಬೇಸಿಗೆಯಲ್ಲೂ ಕಾಲಿನ ಮೇಲೆ ಬಿಸಿಗಾಳಿ ಊದುತ್ತಿತ್ತು. ಮಳೆ ಬಂದರೆ ಸೀಟಿನೊಳಗಿನ ನಾರು ಒದ್ದೆ ಗೋಣಿಯ ವಾಸನೆ ಹೊಡೆಯುತ್ತಿತ್ತು. ಹೊಸೂರಿನ ಚಳಿಯ ಬೆಳಗಿನಲ್ಲಿ ಡ್ಯಾಶ್‌ಬೋರ್ಡಿನ ಕಿತ್ತಳೆ ಬಣ್ಣದ ದೀಪ ಆರುವವರೆಗೆ ಕಾಯದೆ ಕೀ ತಿರುಗಿಸಿದರೆ ಮುನಿಸಿಕೊಂಡು ಹೊಗೆ ಉಗುಳುತ್ತಿತ್ತು. ಇದನ್ನೆಲ್ಲ ದ್ವಾರಕಾನಾಥರು ಮನೆಯ ಹಿರಿಯರೊಬ್ಬರ ಸ್ವಭಾವವನ್ನು ಹೇಳುವ ಹಾಗೆ ಹೇಳುತ್ತಿದ್ದರು. ಗೇರಿನಲ್ಲಿ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ನಿಲ್ಲುತ್ತದಲ್ಲ ಎಂದು ಮಗ ಅನಂತ್ ಹೇಳಿಕೊಟ್ಟರೆ, ಅದನ್ನು ಹಾಗೆ ಕತ್ತು ಹಿಸುಕಿ ನಿಲ್ಲಿಸುವುದು ಪಾಪ ಎಂದುಬಿಟ್ಟಿದ್ದರು. ಬಲಭುಜ ಹಿಡಿದುಕೊಂಡಿದ್ದರಿಂದ ಬಾನೆಟ್ ಎತ್ತಲು ಅವರಿಗೆ ಆಗುತ್ತಿರಲಿಲ್ಲ. ಹೀಗಾಗಿ ಆ ಕೆಲಸ ಅಲಮೇಲಮ್ಮನ ಪಾಲಿಗೆ ಬಂದಿತ್ತು.

ದ್ವಾರಕಾನಾಥರ ಕಿವಿಯೂ ಕೆಲವು ವರ್ಷಗಳಿಂದ ಮಂದವಾಗಿತ್ತು. ಮಗ ತಂದುಕೊಟ್ಟಿದ್ದ ಕಿವಿಯ ಯಂತ್ರವನ್ನು ಒಂದು ವಾರ ಹಾಕಿಕೊಂಡಿದ್ದರು. ಮಿಕ್ಸಿಯ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ ಎಂದು ಬೀರುವಿನಲ್ಲಿಟ್ಟವರು ಮತ್ತೆ ತೆಗೆಯಲಿಲ್ಲ. ಡಾಕ್ಟರ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಮನೆಯಲ್ಲಿ ಅವರಿಗೆ ಏನಾದರೂ ಹೇಳಬೇಕೆಂದರೆ ಕೂಗಿ ಹೇಳಬೇಕು. ಕೂಗಿದರೆ ಸೊಸೆ ಲಕ್ಷ್ಮೀಪ್ರಿಯಾ ಅಡುಗೆಮನೆಯಿಂದ ಇಣುಕಿ, “ಯಾಕತ್ತೆ, ಏನಾಯ್ತು?” ಎನ್ನುವಳು. ಮೇಲಿನ ಕೋಣೆಯಿಂದ ಮೊಮ್ಮಗಳು ಚಿನ್ಮಯಿ, “ಜಗಳಾನಾ ಅಜ್ಜಿ?” ಎನ್ನುವಳು. ದ್ವಾರಕಾನಾಥರೂ ಕೂಗಿಯೇ ಉತ್ತರ ಕೊಡುವರು. ಹೆಂಡತಿ ಮಂಡಿನೋವು ಎಂದರೆ ಅದು ಎದುರುಮನೆಗೂ ತಿಳಿಯುತ್ತಿತ್ತು. ಬರಬರುತ್ತ ಅಲಮೇಲಮ್ಮ ಊಟಕ್ಕೆ ಏಳಿ, ಸ್ನಾನಕ್ಕೆ ನೀರು ಕಾದಿದೆ ಎಂಬುದನ್ನಷ್ಟೇ ಕೈಸನ್ನೆಯಲ್ಲಿ ಹೇಳತೊಡಗಿದರು.

ಆದರೆ ಸಂಜೆ, ಆ ಎಂಜಿನ್ ಗಡಗಡಿಸುತ್ತಿರುವಾಗ ಕೂಗಿದರೆ ಅದು ಕೂಗು ಅನ್ನಿಸುತ್ತಿರಲಿಲ್ಲ. ಅಲ್ಲಿ ಕಿವಿ ನೆಟ್ಟಗಿರುವವರೂ ಕೂಗಬೇಕು. ಅಲಮೇಲಮ್ಮ ಬಾನೆಟ್ ಎತ್ತುವ ಮೊದಲು ಡ್ರೈವರ್ ಕಿಟಕಿಯ ಹತ್ತಿರ ಬಾಗಿ ನಿಲ್ಲುವರು. ಅಂದಿನದನ್ನೆಲ್ಲ ಹೇಳುವರು. ತಂಗಿಯ ಫೋನು ಬಂದದ್ದು, ಅವಳು ಅತ್ತದ್ದು, ಲಕ್ಷ್ಮೀಪ್ರಿಯಾ ತನ್ನ ಪಾಲಿನ ಹೋಳಿಗೆಯನ್ನು ಸದ್ದಿಲ್ಲದೆ ಅತ್ತೆಯ ತಟ್ಟೆಗೆ ಹಾಕಿದ್ದು, ಅನಂತ್ ಆಫೀಸಿನಲ್ಲಿ ಯಾರ ಮೇಲೋ ಬೇಸರಮಾಡಿಕೊಂಡು ಬಂದದ್ದು. ಅವರು ಸ್ಟಿಯರಿಂಗ್ ಹಿಡಿದುಕೊಂಡೇ, ಹ್ಞೂಂ, ಆಮೇಲೆ, ಅಂತ ಕೇಳುವರು. ತಾವು ಬಾಗಲೂರಿನ ಕಡೆಯ ರೈತ ತಿಮ್ಮರಾಯಪ್ಪನ ತೋಟದಿಂದ ಅವರೆಕಾಯಿ ತಂದದ್ದನ್ನು, ಅವನು ಹೇಳಿದ ಸುದ್ದಿಯನ್ನು ಹೇಳುವರು. ಒಂದೊಂದು ದಿನ ನಗುವರು. ಹೊಗೆ ಇಬ್ಬರ ಕಣ್ಣಿಗೂ ಹೋಗುತ್ತಿತ್ತು. ಸಾಕು ಅನ್ನಿಸಿದಾಗ ಅಲಮೇಲಮ್ಮ ಹೋಗಿ ಆ ಹಿಡಿ ಒತ್ತುವರು. ಎಂಜಿನ್ ನಿಂತರೆ ಅಂದಿನ ಮಾತೂ ನಿಂತ ಹಾಗೆ.

ಪೊಂಗಲ್ ಹತ್ತಿರ ಬರುತ್ತಿದ್ದ ದಿನಗಳಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ ಈ ಕಾರಿನ ವಿಷಯವೇ ಬಂತು. ಚಿನ್ಮಯಿಗೆ ಪ್ಲಸ್ ಟೂ ಪರೀಕ್ಷೆ ಎದುರಿಗಿತ್ತು. ಅವಳ ಕೋಣೆಯ ಕಿಟಕಿ ಪೋರ್ಟಿಕೋದ ಸರಿಯಾಗಿ ಮೇಲೆ.

“ತಾತ ಬಂದ್ರೆ ನಾನು ಓದಿದ್ದು ನನಗೇ ಕೇಳಲ್ಲ,” ಎಂದಳು ಚಿನ್ಮಯಿ. “ಅಷ್ಟೊತ್ತು ಏನ್ಮಾಡ್ತೀರ ಅಜ್ಜಿ ಅಲ್ಲಿ? ಬಂದ ತಕ್ಷಣ ಒತ್ತಿಬಿಡಬಾರದಾ?”

“ಬಿಸಿ ಇರತ್ತಮ್ಮ. ಸ್ವಲ್ಪ ತಣೀಬೇಕು,” ಎಂದರು ಅಲಮೇಲಮ್ಮ.

“ಓಡ್ತಾ ಇದ್ರೆ ಹೇಗಜ್ಜಿ ತಣಿಯತ್ತೆ? ಫಿಸಿಕ್ಸ್ ನಾನು ಓದ್ತಿರೋದಾ, ನೀವಾ?”

ಲಕ್ಷ್ಮೀಪ್ರಿಯಾ ಅವರೆಕಾಳಿನ ಸಾರು ಬಡಿಸುತ್ತ, ಮಾವನ ಕಾರಿನ ಮೇಲೆ ತನಗೇನೂ ದ್ವೇಷವಿಲ್ಲ ಎಂದಳು. “ಆದ್ರೆ ಒಣಹಾಕಿದ ಬಟ್ಟೆಗೆಲ್ಲ ಡೀಸೆಲ್ ವಾಸನೆ. ನಮ್ಮ ಸ್ಕೂಲ್ ಮಕ್ಕಳು, ಮಿಸ್ ನೀವು ಲಾರಿಯಲ್ಲಿ ಬಂದ್ರಾ ಅಂತ ಕೇಳ್ತಾರೆ.”

ಅನಂತ್ ನಕ್ಕ. ದ್ವಾರಕಾನಾಥರು ಎಲ್ಲರೂ ನಗುವುದನ್ನು ನೋಡಿ ತಾವೂ ನಕ್ಕು, ಇನ್ನಷ್ಟು ಸಾರಿಗೆ ತಟ್ಟೆ ಮುಂದೆ ತಳ್ಳಿದರು. ಅಪ್ಪನಿಗೆ ಮೊದಲೇ ಹೇಳದೆ ಏನಾದರೂ ಮಾಡುತ್ತೇನೆ, ಪೊಂಗಲ್ ಹಬ್ಬಕ್ಕೆ ಅದೇ ಅವರಿಗೆ ಉಡುಗೊರೆ ಎಂದ ಅನಂತ್.

ಇದಾದ ಎರಡನೆಯ ಬೆಳಿಗ್ಗೆ ಸ್ನಾನ ಮಾಡುವಾಗ ಅಲಮೇಲಮ್ಮನ ಕೈಗೆ ಅದು ಸಿಕ್ಕಿತು. ಎಡಗಡೆ, ಕಂಕುಳಿನ ಹತ್ತಿರ, ಗಟ್ಟಿಯಾಗಿ. ನೋವಿರಲಿಲ್ಲ. ನೋವಿಲ್ಲದ್ದೇ ಅವರನ್ನು ಹೆದರಿಸಿತು. ಅವರ ಅಕ್ಕನಿಗೂ ನೋವಿಲ್ಲದೆಯೇ ಶುರುವಾಗಿತ್ತು, ಅಕ್ಕ ಎರಡು ವರ್ಷವೂ ಉಳಿಯಲಿಲ್ಲ.

ಸೊಸೆಗೆ ಹೇಳಬಹುದಿತ್ತು. ಹೇಳಿದರೆ ಲಕ್ಷ್ಮೀಪ್ರಿಯಾ ಅಂದೇ ಸ್ಕೂಲಿಗೆ ರಜಾ ಹಾಕುವಳು, ಬೆಂಗಳೂರಿನ ಆಸ್ಪತ್ರೆಗೆ ಫೋನು ಮಾಡುವಳು, ಅನಂತ್ ಮುಖ ಒಣಗಿಸಿಕೊಂಡು ಓಡಾಡುವನು. ಚಿನ್ಮಯಿ ಪುಸ್ತಕ ಮುಚ್ಚಿ ಅಜ್ಜಿಯ ಪಕ್ಕ ಬಂದು ಕೂರುವಳು. ಆ ಮಗು ಪರೀಕ್ಷೆ ಬರೆಯುವುದು ಬೇಡವೇ? ಅದೂ ಅಲ್ಲದೆ, ಇದು ಮೊದಲು ಗಂಡನಿಗೆ ಗೊತ್ತಾಗಬೇಕು ಎಂಬುದು ಅಲಮೇಲಮ್ಮನಿಗೆ ಯೋಚಿಸದೆಯೇ ತೋಚಿತ್ತು. ಅಂದು ಸಂಜೆ ಕಿಟಕಿಯ ಹತ್ತಿರ ಬಾಗಿ ನಿಂತಾಗ ಹೇಳಿಬಿಡುವುದೆಂದು ದಿನವೆಲ್ಲ ಮಾತು ಜೋಡಿಸಿಕೊಂಡರು.

ಅಂದು ಶನಿವಾರ. ಅನಂತ್ ಅಪ್ಪನನ್ನೂ ಕಾರನ್ನೂ ಕರೆದುಕೊಂಡು ಜೂಜುವಾಡಿಯ ಮುನಿರತ್ನನ ಗ್ಯಾರೇಜಿಗೆ ಹೋಗಿದ್ದಾನೆಂದು ಅಲಮೇಲಮ್ಮನಿಗೆ ಗೊತ್ತಿರಲಿಲ್ಲ. ಕಾರು ಬಂತು. ಅಲಮೇಲಮ್ಮ ಹಾರ್ನ್ ಕಾಯದೆ ಹೊರಗೆ ಬಂದರು. ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ಎಂಜಿನ್ ನಿಂತುಹೋಯಿತು. ಬಾನೆಟ್ ಮುಟ್ಟಿದವರಿಲ್ಲ. ದ್ವಾರಕಾನಾಥರು ಕೀ ಬೆರಳಲ್ಲಿ ಆಡಿಸುತ್ತ ಕೆಳಗಿಳಿದರು. ಮತ್ತೆ ಹತ್ತಿ ಕೂತು ಶುರು ಮಾಡಿ, ಮತ್ತೆ ನಿಲ್ಲಿಸಿ ತೋರಿಸಿದರು.

ಜೊತೆಗೆ ಬೈಕಿನಲ್ಲಿ ಬಂದಿದ್ದ ಮುನಿರತ್ನ ಬಾನೆಟ್ ಎತ್ತಿ, ತಾನು ಹೊಸದಾಗಿ ಹಾಕಿದ ಒಂದು ಸಣ್ಣ ರಬ್ಬರ್ ಟ್ಯೂಬು ತೋರಿಸಿ ವಿವರಿಸಿದ. “ಇಂಜಿನ್ ಬಂಗಾರ ಅಮ್ಮಾವ್ರೆ. ಆದ್ರೆ ಮಾಡ್ದೋರು ಬಾಗ್ಲ ಲಾಕು, ಇಂಜಿನ್ ಆಫು, ಎಲ್ಲಾನೂ ಒಂದೇ ಗಾಳಿ ಟ್ಯೂಬಿಗೆ ಗಂಟಾಕ್‌ಬುಟ್ಟವ್ರೆ. ಹಿಂದ್ಗಡೆ ಬಾಗ್ಲಾಗೆ ಒಂದು ರಬ್ಬರ್ ಹರದ್ರೆ, ಮುಂದ್ಗಡೆ ಇಂಜಿನ್ ನಿಲ್ಲಾಕಿಲ್ಲ. ಇಷ್ಟು ವರ್ಸ ನೀವು ಒದ್ದಾಡಿದ್ದು ಆ ಬಾಗ್ಲಿಂದ.”

ಅನಂತ್ ಅಮ್ಮನ ಮುಖ ನೋಡಿದ, ಸಂತೋಷ ಕಾಣಲಿ ಎಂದು. ಅಲಮೇಲಮ್ಮ ಸಂತೋಷಪಟ್ಟರು. ದ್ವಾರಕಾನಾಥರು ಬೀದಿಗೆಲ್ಲ ಕೇಳುವ ಹಾಗೆ, “ಅಲಮೇಲು, ಇನ್ಮೇಲೆ ನೀನು ಹೊರಗೆ ಬರಬೇಕಾಗಿಲ್ಲ,” ಎಂದರು.

ಅಂದಿನಿಂದ ಸಂಜೆ ಕಾರು ಬರುವುದು, ನಿಲ್ಲುವುದು, ಬಾಗಿಲು ಹಾಕುವ ಸದ್ದು. ಅವರು ಒಳಗೆ ಬಂದು ತರಕಾರಿ ಚೀಲ ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಟಿವಿಯ ಮುಂದೆ ಕೂರುವರು. ಕೆಳಗೆ ಓಡುವ ತಮಿಳು ಅಕ್ಷರಗಳನ್ನು ಓದಿಕೊಂಡು ಸುದ್ದಿ ತಿಳಿಯುವರು. ಚಿನ್ಮಯಿಯ ಓದು ನೆಮ್ಮದಿಯಾಗಿ ನಡೆಯಿತು. ಬಟ್ಟೆಗೆ ವಾಸನೆ ಕಡಿಮೆಯಾಯಿತು ಎಂದು ಲಕ್ಷ್ಮೀಪ್ರಿಯಾ ಮಾವನಿಗೆ ಗಸಗಸೆ ಪಾಯಸ ಮಾಡಿಹಾಕಿದಳು. ಮನೆ ಹಗುರಾದ ಹಾಗಿತ್ತು. ಅಲಮೇಲಮ್ಮ ಸಂಜೆಯ ಹೊತ್ತಿಗೆ ಒಲೆಯ ಮುಂದೆ ನಿಂತು, ಕೈ ಒರೆಸಿಕೊಂಡು, ಮತ್ತೆ ಸುಮ್ಮನೆ ಸೌಟು ಹಿಡಿದುಕೊಳ್ಳುವರು.

ಹೇಳುವ ದಾರಿಯನ್ನು ಅವರು ಹುಡುಕದೆ ಇರಲಿಲ್ಲ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಹೇಳೋಣವೆಂದು ಗಂಡನ ಹತ್ತಿರ ಹೋದರು. ಮುಂಬಾಗಿಲು ತೆರೆದಿತ್ತು, ಎದುರುಮನೆಯಾಕೆ ಹೊರಗೆ ರಾಗಿ ಹರವುತ್ತ ಕೂತಿದ್ದಳು. ಬಾಗಿಲು ಹಾಕಿ ಬಂದರೆ ಅವರು ನಿದ್ದೆಹೋಗಿದ್ದರು, ಏಳುವ ಹೊತ್ತಿಗೆ ಚಿನ್ಮಯಿ ಮನೆಗೆ ಬಂದಿದ್ದಳು. ಇನ್ನೊಂದು ದಿನ ಕ್ಯಾಲೆಂಡರಿನ ಹಿಂಬದಿ ಬರೆದು ಕೈಗಿತ್ತರು. ದ್ವಾರಕಾನಾಥರಿಗೆ ಏನನ್ನೇ ಆಗಲಿ ಗಟ್ಟಿಯಾಗಿ ಓದುವ ಅಭ್ಯಾಸ. ಕನ್ನಡಕ ಹಾಕಿಕೊಂಡು, “ನನಗೆ ಎಡಗಡೆ...” ಎಂದು ಶುರುಮಾಡಿದರು. ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಲಕ್ಷ್ಮೀಪ್ರಿಯಾ, “ಏನತ್ತೆ ಎಡಗಡೆ?” ಎಂದಳು. ಅಲಮೇಲಮ್ಮ ಕಾಗದ ಕಿತ್ತುಕೊಂಡು, ಭುಜ ಸ್ವಲ್ಪ ಹಿಡಿದಿದೆ ಎಂದರು.

ಅದನ್ನು ಲಕ್ಷ್ಮೀಪ್ರಿಯಾ ನಂಬಿದಳು. ಮಾವನ ಭುಜದ ಮುಲಾಮನ್ನು ಅತ್ತೆಯ ತಲೆದಿಂಬಿನ ಪಕ್ಕ ಇಟ್ಟಳು. ಮಾರನೆಯ ದಿನದಿಂದ ಬಟ್ಟೆ ಒಣಹಾಕುವ ಕೆಲಸ ತಾನೇ ಮಾಡತೊಡಗಿದಳು. ಏನೂ ಹೇಳದೆ, ಬೆಳಿಗ್ಗೆ ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು. ಅದನ್ನು ನೋಡುತ್ತ ಅಲಮೇಲಮ್ಮನಿಗೆ ಈಗ ಹೇಳಿಬಿಡಲೇ ಅನ್ನಿಸಿತು. ಅಷ್ಟರಲ್ಲಿ ಚಿನ್ಮಯಿ ಮಾದರಿ ಪರೀಕ್ಷೆಯ ಅಂಕ ಹಿಡಿದು ಕುಣಿಯುತ್ತ ಬಂದಳು.

ತಾವಾಗಿಯೇ ಬಾಗಲೂರಿಗೆ ಕಾರಿನಲ್ಲಿ ಬರುತ್ತೇನೆಂದು ಹೊರಟದ್ದೂ ಆಯಿತು. ಕಾರು ಓಡುವಾಗ ಹೇಳಬಹುದಲ್ಲ. ಅಜ್ಜಿ ಹೊರಟದ್ದನ್ನು ಕಂಡು ಚಿನ್ಮಯಿ, ಓದಿ ಓದಿ ತಲೆ ಕೆಟ್ಟಿದೆ, ನಾನೂ ಬರ್ತೀನಿ ಎಂದು ಹಿಂದೆ ಹತ್ತಿಕೊಂಡಳು. ದಾರಿಯುದ್ದಕ್ಕೂ ಇಬ್ಬರ ಸೀಟಿನ ನಡುವೆ ಮುಖ ತೂರಿಸಿ ಮಾತಾಡಿದಳು. ತಿಮ್ಮರಾಯಪ್ಪ ಮೂವರಿಗೂ ಎಳನೀರು ಕೆತ್ತಿಕೊಟ್ಟ. ಒಳ್ಳೆಯ ಸಂಜೆಯೇ ಅದು. ಮನೆಗೆ ಬಂದು ಅಲಮೇಲಮ್ಮ ಬಚ್ಚಲಿಗೆ ಹೋಗಿ ಮುಟ್ಟಿ ನೋಡಿಕೊಂಡರು. ಮೊದಲಿಗಿಂತ ದೊಡ್ಡದಾಗಿದೆಯೋ, ತಮಗೇ ಹಾಗನ್ನಿಸುತ್ತಿದೆಯೋ ತಿಳಿಯಲಿಲ್ಲ. ಕೇಳಲು ಯಾರೂ ಇರಲಿಲ್ಲ.

ಮಾರನೆಯ ದಿನ ಅವರು ಮುನಿರತ್ನನಿಗೆ ಫೋನು ಮಾಡಿದರು.

“ಅವತ್ತು ಹಾಕಿದೆಯಲ್ಲಪ್ಪ ಒಂದು ಸಣ್ಣ ಟ್ಯೂಬು. ಅದು ಕಳಚಿಕೊಂಡ್ರೆ ಬ್ರೇಕಿಗೇನಾದ್ರೂ ತೊಂದ್ರೆ ಆಗತ್ತಾ?”

“ಬ್ರೇಕಿಗೆ ದಪ್ಪ ಪೈಪು ಬೇರೆ ಐತೆ ಅಮ್ಮಾವ್ರೆ. ಅದ್ಕೂ ಇದ್ಕೂ ಸಂಬಂದ ಇಲ್ಲ. ಯಾಕೆ, ಕಳಚ್ಕೊಂಡೈತಾ? ಬತ್ತೀನಿ ಇರಿ.”

“ಬೇಡ ಬೇಡ. ಸುಮ್ನೆ ಕೇಳಿದೆ.”

ಆ ಕಡೆ ಲಾರಿಯೊಂದು ಸದ್ದು ಮಾಡುತ್ತ ಹೋಯಿತು. ಆಮೇಲೆ ಮುನಿರತ್ನ, “ಸಣ್ಣದ್ನ ಏನ್ ಬೇಕಾದ್ರೂ ಮಾಡ್ಕಳಿ. ದಪ್ಪದ್ನ ಮಾತ್ರ ಮುಟ್‌ಬ್ಯಾಡಿ,” ಎಂದ. ಮತ್ತೇನೂ ಕೇಳಲಿಲ್ಲ.

ದ್ವಾರಕಾನಾಥರು ಮಧ್ಯಾಹ್ನ ಮಲಗಿದಾಗ ಅಲಮೇಲಮ್ಮ ಪೋರ್ಟಿಕೋಗೆ ಬಂದು ಬಾನೆಟ್ ಎತ್ತಿದರು. ಎಡಗೈ ಎತ್ತುವಾಗ ಹಲ್ಲು ಕಚ್ಚಿಕೊಂಡರು. ನೋವಿತ್ತೆಂದಲ್ಲ, ಆ ಕೈ ಇನ್ನು ತಮ್ಮದಲ್ಲ ಎಂಬಂಥ ಅಳುಕಿತ್ತು. ಸಣ್ಣ ಟ್ಯೂಬನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಬಸಳೆಯ ಎಳೆ ಚಿಗುರು ಕಿತ್ತಷ್ಟು ಸುಲಭವಾಗಿ ಬಂದುಬಿಟ್ಟಿತು.

ಸಂಜೆ ಕಾರು ಬಂತು. ಕೀ ತೆಗೆದರು. ಎಂಜಿನ್ ಗಡಗಡ ಎನ್ನುತ್ತಲೇ ಇತ್ತು. ಹಾರ್ನ್ ಆಯಿತು. ಮೇಲಿನಿಂದ ಚಿನ್ಮಯಿ, “ಅಯ್ಯೋ ಅಜ್ಜಿ, ಮತ್ತೆ ಶುರುವಾಯ್ತಾ?” ಎಂದಳು. ಅಲಮೇಲಮ್ಮ ಬಂದು ಕಿಟಕಿಯ ಹತ್ತಿರ ಬಾಗಿದರು. ಜೋಡಿಸಿಟ್ಟುಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ.

“ನನಗೆ ಎದೆಯ ಹತ್ರ ಗಂಟಾಗಿದೆ ಕಣ್ರೀ. ಅಕ್ಕನಿಗೆ ಆಗಿತ್ತಲ್ಲ, ಹಾಗೆ.”

ಅವರು ತಲೆ ತಿರುಗಿಸಿ ನೋಡಿದರು. ಕೇಳಿಸಿತೋ ಇಲ್ಲವೋ ಎಂದು ಅಲಮೇಲಮ್ಮ ಇನ್ನೊಮ್ಮೆ ಹೇಳಲು ಬಾಯಿ ತೆರೆದಾಗ, “ಯಾವಾಗಿಂದ?” ಎಂದರು.

“ಪೊಂಗಲ್‌ಗೆ ಮುಂಚೆಯಿಂದ.”

“ಯಾಕೆ ಹೇಳಲಿಲ್ಲ?”

“ಎಲ್ಲಿ ಹೇಳಲಿ?”

ದ್ವಾರಕಾನಾಥರು ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು ಮುಂದಿನ ಗೋಡೆ ನೋಡುತ್ತ ಕೂತರು. ಲಕ್ಷ್ಮೀಪ್ರಿಯಾ ಬಾಗಿಲಿಗೆ ಬಂದು ಮೂಗಿಗೆ ಸೆರಗು ಹಿಡಿದಳು. ಅಲಮೇಲಮ್ಮ ಹೋಗಿ ಹಿಡಿ ಒತ್ತಿದರು.

ಊಟದಲ್ಲಿ ಅನಂತ್, ಮುನಿರತ್ನನಿಗೆ ಹೇಳುತ್ತೇನೆ, ಕೆಲಸ ನೆಟ್ಟಗೆ ಮಾಡಿಲ್ಲ ಎಂದು ಗೊಣಗಿದ. ಅವನ ತಪ್ಪಲ್ಲ ಬಿಡು, ಹಳೇ ಕಾರು ಎಂದರು ಅಲಮೇಲಮ್ಮ. ದ್ವಾರಕಾನಾಥರು ಮೊಸರನ್ನ ಕಲಸಿಕೊಂಡು ತಿನ್ನದೆ ಬಿಟ್ಟರು. ಹೆಂಡತಿಯ ಕಡೆ ನೋಡಲಿಲ್ಲ. ಮಲಗುವಾಗಲೂ ಗೋಡೆಯ ಕಡೆ ತಿರುಗಿಕೊಂಡರು. ಹೇಳಿದ್ದಾಯಿತು, ಆದರೂ ಏನೂ ಆಗಲಿಲ್ಲವಲ್ಲ ಅನ್ನಿಸಿತು ಅಲಮೇಲಮ್ಮನಿಗೆ. ಇಷ್ಟು ದಿನ ಹೇಳಬೇಕು ಎಂಬುದೊಂದು ಜೊತೆಗಿತ್ತು. ಈಗ ಅದೂ ಇರಲಿಲ್ಲ.

ಬೆಳಿಗ್ಗೆ ಅವರು ಅಡುಗೆಮನೆಗೆ ಬರುವ ಹೊತ್ತಿಗೆ ದ್ವಾರಕಾನಾಥರು ಕ್ಷೌರ ಮಾಡಿಕೊಂಡು, ಇಸ್ತ್ರಿ ಶರ್ಟು ಹಾಕಿಕೊಂಡು ನಡುಮನೆಯಲ್ಲಿ ನಿಂತಿದ್ದರು. ಮೂರು ಮನೆಗೆ ಕೇಳುವ ದನಿಯಲ್ಲಿ ಮಗನನ್ನು ಕರೆದರು.

“ಅನಂತು, ನಾನು ಕಿವಿ ತೋರಿಸ್ಕೊಂಡು ಬರ್ತೀನಿ ಕಣೋ. ಕೃಷ್ಣಗಿರಿಗೆ. ಅಮ್ಮನ್ನ ಜೊತೆಗೆ ಕರ್ಕೊಂಡು ಹೋಗ್ತೀನಿ. ಡಾಕ್ಟ್ರು ಹೇಳಿದ್ದು ನನಗೆ ಕೇಳಿಸಬೇಕಲ್ಲ.”

ಮನೆಯಲ್ಲಿ ಹಬ್ಬವಾಯಿತು. ತಾನೂ ಬರುತ್ತೇನೆಂದ ಅನಂತನಿಗೆ, ನಿನಗೆ ಆಫೀಸಿಲ್ಲವೇನೋ ಎಂದು ಗದರಿದರು. ಚಿನ್ಮಯಿ ಕೆಳಗಿಳಿದು ಬಂದು ತಾತನ ಕೆನ್ನೆ ಹಿಂಡಿದಳು. ಲಕ್ಷ್ಮೀಪ್ರಿಯಾ ಇಡ್ಲಿಯನ್ನು ಡಬ್ಬಿಗೆ ತುಂಬುತ್ತ, “ಹೇಗತ್ತೆ ಒಪ್ಪಿಸಿದ್ರಿ? ಇಷ್ಟು ವರ್ಷ ಯಾರ ಕೈಲೂ ಆಗಲಿಲ್ಲ,” ಎಂದು ಪಿಸುಗುಟ್ಟಿದಳು.

“ನಾನೇನೂ ಮಾಡಲಿಲ್ಲಮ್ಮ,” ಎಂದರು ಅಲಮೇಲಮ್ಮ. ಅವರಿಗೆ ಸೊಸೆಯ ಮುಖ ನೋಡಲಾಗಲಿಲ್ಲ.

ಹೆದ್ದಾರಿಯಲ್ಲಿ ಅವರಿಬ್ಬರೂ ಹೆಚ್ಚು ಮಾತಾಡಲಿಲ್ಲ. ಶೂಳಗಿರಿ ದಾಟಿದ ಮೇಲೆ ದ್ವಾರಕಾನಾಥರು, ಕೃಷ್ಣಗಿರಿಯಲ್ಲಿ ತಮ್ಮ ವಿದ್ಯಾರ್ಥಿನಿಯೊಬ್ಬಳು ದೊಡ್ಡ ಡಾಕ್ಟರಾಗಿದ್ದಾಳೆ, ಹೊಸೂರಿನಲ್ಲಾದರೆ ಗುರುತಿನವರು ಸಿಗುತ್ತಾರೆ, ಅದಕ್ಕೇ ಅಷ್ಟು ದೂರ ಎಂದರು. ಅಷ್ಟನ್ನು ಅವರು ರಾತ್ರಿಯೆಲ್ಲ ಗೋಡೆಯ ಕಡೆ ತಿರುಗಿಕೊಂಡು ಯೋಚಿಸಿದ್ದಾರೆಂದು ಅಲಮೇಲಮ್ಮನಿಗೆ ಆಗ ಗೊತ್ತಾಯಿತು.

ಆಸ್ಪತ್ರೆಯ ಕೌಂಟರಿನಲ್ಲಿ ಅವರು ಎರಡು ಚೀಟಿ ಮಾಡಿಸಿದರು. ಒಂದು ಇವಳಿಗೆ, ಇನ್ನೊಂದು ನನ್ನ ಕಿವಿಗೆ ಎಂದರು. ನಿಜವಾಗಿಯೂ ತೋರಿಸುತ್ತೀರಾ ಎಂದು ಅಲಮೇಲಮ್ಮ ಹುಬ್ಬಿನಲ್ಲೇ ಕೇಳಿದರು.

“ತೋರಿಸ್ದೆ? ಮನೆಗೆ ಹೋದ್ರೆ ಚೀಟಿ ಎಲ್ಲಿ ಅಂತಾಳೆ ನಿನ್ನ ಸೊಸೆ.”

ಅಲಮೇಲಮ್ಮನ ಹೆಸರು ಮೊದಲು ಬಂತು. ಬಾಗಿಲಲ್ಲಿ ನಿಂತ ನರ್ಸು, “ಕೂಡ ಯಾರ್ ವಂದಿರುಕ್ಕಾಂಗ?” ಎಂದು ಜೊತೆಗೆ ಯಾರಿದ್ದಾರೆಂದು ಕೇಳಿದಳು. ಗಂಡಸರು ಒಳಗೆ ಬರುವ ಹಾಗಿಲ್ಲ ಎಂದಳು. ದ್ವಾರಕಾನಾಥರನ್ನು ಉದ್ದನೆಯ ಹಾಲಿನ ಒಂದು ಬೆಂಚಿನ ಮೇಲೆ ಕೂರಿಸಿ ಅಲಮೇಲಮ್ಮ ಒಳಗೆ ಹೋದರು. ಬಾಗಿಲು ಮುಚ್ಚುವಾಗ ತಿರುಗಿ ನೋಡಿದರು. ಇಡ್ಲಿ ಡಬ್ಬಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವರು ಇತ್ತಲೇ ನೋಡುತ್ತಿದ್ದರು.

ಒಳಗೆ ಬಹಳ ಹೊತ್ತು ಹಿಡಿಯಿತು. ಡಾಕ್ಟರು ಒಳ್ಳೆಯ ಹುಡುಗಿ, ಸೂಜಿ ಚುಚ್ಚುವಾಗ ಕೈ ಹಿಡಿದುಕೊಂಡಿದ್ದಳು, ಸರ್ ಕ್ಲಾಸಿನಲ್ಲಿ ನಮ್ಮನ್ನು ಬೈದದ್ದೇ ಇಲ್ಲ ಎಂದಳು. ಅದು ಎಂಥದೆಂದು ಈಗಲೇ ಹೇಳಲಾಗದು, ಬಂದದ್ದು ಒಳ್ಳೆಯದಾಯಿತು, ಇನ್ನೂ ಮೊದಲೇ ಬರಬೇಕಿತ್ತು ಎಂದಳು.

ಹೊರಗೆ ಬಂದಾಗ ಹಾಲಿನಲ್ಲಿ ಜನ ತುಂಬಿಹೋಗಿದ್ದರು. ಆ ತುದಿಯಲ್ಲಿ ಕಿವಿಯ ವಿಭಾಗದ ಹುಡುಗನೊಬ್ಬ ದ್ವಾರಕಾನಾಥ್, ದ್ವಾರಕಾನಾಥ್ ಎಂದು ಕರೆದು ಕರೆದು ಸೋತು, ಚೀಟಿಯನ್ನು ಕಟ್ಟಿನ ಕೆಳಗೆ ಸೇರಿಸುತ್ತಿದ್ದ. ಅವರು ಕೂತಲ್ಲೇ ಕೂತಿದ್ದರು. ಹೆಂಡತಿ ಹೋದ ಬಾಗಿಲನ್ನು ಬಿಟ್ಟು ಕಣ್ಣು ಕದಲಿಸಿರಲಿಲ್ಲ. ಕರೆದರೆ ತಮಗೆ ಕೇಳುವುದಿಲ್ಲವೆಂದು ಅವರಿಗೆ ಗೊತ್ತಿತ್ತು, ಬಾಗಿಲು ತೆರೆದದ್ದು ಕಾಣದೆ ಹೋಗಬಾರದಲ್ಲ.

ಅವರು ಎದ್ದು ನಿಂತರು.

“ಏನಂದ್ರು?” ಎಂದು ಹಾಲಿಗೆಲ್ಲ ಕೇಳುವ ಹಾಗೆ ಕೇಳಿದರು.

ಅಲಮೇಲಮ್ಮ ಸುತ್ತ ನೋಡಲಿಲ್ಲ. ಅಷ್ಟೇ ಗಟ್ಟಿಯಾಗಿ, “ಬರೋ ವಾರ ಗೊತ್ತಾಗತ್ತಂತೆ. ಏನೇ ಆದ್ರೂ ತೆಗೀಬೇಕಂತೆ,” ಎಂದು ಕೂಗಿದರು.

ಯಾರೂ ಜಗಳವೇ ಎಂದು ಕೇಳಲಿಲ್ಲ. ಬೆಂಚಿನಲ್ಲಿ ಕೂತಿದ್ದ ಅಪರಿಚಿತ ಹೆಂಗಸೊಬ್ಬಳು ತನ್ನ ಚೀಲವನ್ನು ಎತ್ತಿ ಮಡಿಲಿಗಿಟ್ಟುಕೊಂಡು, ಪಕ್ಕಕ್ಕೆ ಸರಿದು, ಇಬ್ಬರೂ ಕೂರುವಷ್ಟು ಜಾಗ ಮಾಡಿದಳು.